ಚಳವಳಿಯ ಬಾಡಿಗೆ ಯಾರು ಕಟ್ಟಬೇಕು?

ಹೆಣ್ಣುಮಕ್ಕಳ ಪರವಾಗಿ ಒಂದು ಕಾನೂನು ಬಂದರೆ ಅದು ಸುದ್ದಿಯಾಗುತ್ತದೆ. ಮತದಾನದ ಹಕ್ಕು ಸಿಕ್ಕಿದ್ದು ಸುದ್ದಿಯಾಗಿತ್ತು. ಗಂಡನ ಹೊಡೆತ ಶಿಕ್ಷಾರ್ಹ ಅಪರಾಧವೆಂದು ಘೋಷಣೆಯಾದದ್ದೂ ಸುದ್ದಿಯಾಗಿತ್ತು. ಆದರೆ ಆ ಕಾನೂನಿಗಾಗಿ ಹತ್ತಿಪ್ಪತ್ತು ವರ್ಷ ದುಡಿದವರು ಎಲ್ಲೋ ಒಂದು ಕೊಠಡಿಯಲ್ಲಿ ಕೂತಿರುತ್ತಾರೆ. ಅದಕ್ಕೆ ಬಾಡಿಗೆ ಇರುತ್ತದೆ. ಕರೆಂಟ್ ಬಿಲ್ ಬರುತ್ತದೆ. ಕರಪತ್ರ ಅಚ್ಚು ಹಾಕಿದವನು ಹಣ ಕೇಳುತ್ತಾನೆ. ದೂರದ ಹಳ್ಳಿಯಿಂದ ಸಭೆಗೆ ಬಂದವಳಿಗೆ ಬಸ್ ಚಾರ್ಜು ಕೊಡಬೇಕು, ಅವಳ ಆ ದಿನದ ಕೂಲಿ ಹೋಗಿರುತ್ತದೆ. ಇವು ಯಾವುವೂ ಸುದ್ದಿಯಾಗುವುದಿಲ್ಲ. ಇವತ್ತಿನ ನನ್ನ ಮಾತು ಈ ಸುದ್ದಿಯಾಗದ ಖರ್ಚಿನ ಬಗ್ಗೆ. ಜಗತ್ತಿನ ಸ್ತ್ರೀವಾದಿ ಚಳವಳಿಗಳಿಗೆ ಹಣ ಎಲ್ಲಿಂದ ಬಂತು, ಎಂಥ ಹಣ ಬಂತು, ಅದರಿಂದ ಏನಾಯಿತು ಎಂಬುದನ್ನು ನೋಡೋಣ. ನನ್ನ ವಾದವನ್ನು ಮೊದಲೇ ಹೇಳಿಬಿಡುತ್ತೇನೆ. ಚಳವಳಿಗೆ ಎಷ್ಟು ಹಣ ಬಂತು ಎಂಬುದಕ್ಕಿಂತ ಆ ಹಣ ಯಾವ ಷರತ್ತಿನ ಮೇಲೆ ಬಂತು, ಎಷ್ಟು ವರ್ಷ ನಿಂತಿತು ಎಂಬುದೇ ಮುಖ್ಯ. ಷರತ್ತಿಲ್ಲದೆ ಬಂದು ಹಲವು ವರ್ಷ ನಿಲ್ಲುವ ಹಣ ಚಳವಳಿಯನ್ನು ಬೆಳೆಸುತ್ತದೆ. ಅಂಥ ಹಣವೇ ಇವತ್ತು ಎಲ್ಲಕ್ಕಿಂತ ಕಡಿಮೆ ಇದೆ.

ಹಳೆಯ ಒಂದು ಪ್ರಕರಣದಿಂದ ಶುರುಮಾಡೋಣ. 1868ರ ಜನವರಿ. ನ್ಯೂಯಾರ್ಕ್ ನಗರದಲ್ಲಿ 'ದಿ ರೆವಲ್ಯೂಷನ್' ಎಂಬ ವಾರಪತ್ರಿಕೆ ಹೊರಬಂತು. ನಡೆಸಿದವರು ಸೂಸನ್ ಬಿ. ಆಂಟನಿ ಮತ್ತು ಎಲಿಜಬೆತ್ ಕೇಡಿ ಸ್ಟ್ಯಾಂಟನ್. ಅಮೆರಿಕದಲ್ಲಿ ಅಂತರ್ಯುದ್ಧ ಮುಗಿದು, ಗುಲಾಮಗಿರಿ ರದ್ದಾಗಿ, ಕಪ್ಪು ಗಂಡಸರಿಗೆ ಮತದಾನದ ಹಕ್ಕು ಕೊಡುವ ಚರ್ಚೆ ನಡೆದಿದ್ದ ಕಾಲ ಅದು. ಹೆಂಗಸರ ಸರದಿ ಆಮೇಲೆ ಬರಲಿ ಎಂದು ಹಳೆಯ ಸಂಗಾತಿಗಳು ಹೇಳಿದರು, ಹಣದ ಚೀಲದ ಬಾಯಿಯನ್ನೂ ಬಿಗಿದರು. ಆಗ ಮುಂದೆ ಬಂದವನು ಜಾರ್ಜ್ ಫ್ರಾನ್ಸಿಸ್ ಟ್ರೇನ್ ಎಂಬ ಸಾಹುಕಾರ. ಹೆಂಗಸರಿಗೆ ಮತ ಬೇಕು ಎನ್ನುತ್ತಿದ್ದ. ಅದೇ ಬಾಯಲ್ಲಿ ಕಪ್ಪು ಜನರನ್ನು ಹೀನಾಯವಾಗಿ ಜರೆಯುತ್ತಿದ್ದ. ಅವನ ಹಣದಲ್ಲಿ ಪತ್ರಿಕೆ ಹೊರಟಿತು. ಗುಲಾಮಗಿರಿಯ ವಿರುದ್ಧ ಜೀವಮಾನವಿಡೀ ಹೋರಾಡಿದ್ದ ವಿಲಿಯಂ ಲಾಯ್ಡ್ ಗ್ಯಾರಿಸನ್‌ನಂಥ ಹಿರಿಯರು ಕೆಂಡವಾದರು. ಪತ್ರಿಕೆ ಶುರುವಾದ ಕೂಡಲೇ ಟ್ರೇನ್ ಸಮುದ್ರ ದಾಟಿ ಐರ್ಲೆಂಡಿಗೆ ಹೋದ, ಅಲ್ಲಿ ಜೈಲು ಸೇರಿದ. ಹಣದ ಹರಿವು ಬತ್ತಿತು. ಎರಡೂವರೆ ವರ್ಷ ಏದುಸಿರು ಬಿಟ್ಟು ನಡೆದ ಪತ್ರಿಕೆಯನ್ನು 1870ರಲ್ಲಿ ಆಂಟನಿ ಒಂದು ಡಾಲರಿಗೆ ಬೇರೆಯವರ ಕೈಗೆ ದಾಟಿಸಬೇಕಾಯಿತು. ಪತ್ರಿಕೆ ಹೋಯಿತು, ಸಾಲ ಉಳಿಯಿತು. ಸುಮಾರು 10 ಸಾವಿರ ಡಾಲರ್ ಸಾಲ. ಅಂದಿನ ಕಾಲಕ್ಕೆ ಅದು ದೊಡ್ಡ ಮೊತ್ತ. ಊರಿಂದೂರಿಗೆ ರೈಲು ಹತ್ತಿ, ಭಾಷಣ ಮಾಡಿ, ಭಾಷಣಕ್ಕೆ ಬಂದ ಸಂಭಾವನೆಯನ್ನು ಕೂಡಿಸಿ, ಆಂಟನಿ ಆ ಸಾಲವನ್ನು ತೀರಿಸಿದ್ದು ಆರು ವರ್ಷದ ಮೇಲೆ. ಚಳವಳಿಯ ಒಬ್ಬ ಸಮರ್ಥ ನಾಯಕಿಯ ಆರು ವರ್ಷ ಸಾಲಗಾರರ ಪಾಲಾಯಿತು. ಟ್ರೇನ್‌ನ ಹಣದ ಸಹವಾಸದಿಂದ ಆದ ಗಾಯ ಇನ್ನೂ ಹೆಚ್ಚು ಕಾಲ ಉಳಿಯಿತು. ಬಿಳಿ ಸ್ತ್ರೀವಾದಿಗಳನ್ನು ಕಪ್ಪು ಹೆಂಗಸರು ಇವತ್ತಿಗೂ ಅನುಮಾನದಿಂದ ನೋಡುವ ಕಾರಣಗಳ ಪಟ್ಟಿಯಲ್ಲಿ ಆ ಪತ್ರಿಕೆಯ ಹೆಸರೂ ಇದೆ.

ಇದರ ಪಕ್ಕದಲ್ಲಿ ಇನ್ನೊಂದು ಹಣವನ್ನು ಇಟ್ಟು ನೋಡಿ. 1914ರಲ್ಲಿ ನ್ಯೂಯಾರ್ಕಿನಲ್ಲೇ ಮಿರಿಯಂ ಲೆಸ್ಲಿ ಎಂಬ ಶ್ರೀಮಂತ ಮಹಿಳೆ ತೀರಿಕೊಂಡರು. ಗಂಡ ಸಾಯುವಾಗ ಸಾಲದಲ್ಲಿ ಮುಳುಗಿದ್ದ ಪ್ರಕಾಶನ ಸಂಸ್ಥೆಯನ್ನು ತಾವೇ ಎತ್ತಿ ನಿಲ್ಲಿಸಿದ್ದ ಗಟ್ಟಿಗಿತ್ತಿ ಈಕೆ. ಉಯಿಲು ತೆರೆದಾಗ ಎಲ್ಲರಿಗೂ ಅಚ್ಚರಿ. ಆಸ್ತಿಯ ಬಹುಪಾಲು, ಸುಮಾರು 20 ಲಕ್ಷ ಡಾಲರ್, ಮತದಾನ ಚಳವಳಿಯ ನಾಯಕಿ ಕ್ಯಾರಿ ಚಾಪ್‌ಮನ್ ಕ್ಯಾಟ್ ಅವರಿಗೆ. ಮಹಿಳೆಯರ ಮತದಾನದ ಹಕ್ಕಿಗಾಗಿ ಅವರಿಗೆ ಸರಿ ಕಂಡಂತೆ ಬಳಸಲಿ ಎಂಬುದೇ ಆ ಉಯಿಲಿನ ಆಶಯ. ನೆಂಟರು ಕೋರ್ಟಿಗೆ ಹೋದರು. ವ್ಯಾಜ್ಯ ವರ್ಷಗಟ್ಟಲೆ ಎಳೆಯಿತು. ವಕೀಲರ ಫೀಸು, ರಾಜಿ ಪಂಚಾಯಿತಿ ಎಲ್ಲ ಕಳೆದು ಕ್ಯಾಟ್ ಕೈಗೆ ಬಂದದ್ದು ಸರಿಸುಮಾರು ಅರ್ಧ. ಆ ಅರ್ಧವೇ ಏನು ಮಾಡಿತು ನೋಡಿ. 1917ರಲ್ಲಿ ಪ್ರಚಾರದ ಒಂದು ಪೂರ್ಣಾವಧಿ ಕಚೇರಿ ತೆರೆಯಿತು. ಸಂಬಳಕ್ಕೆ ಬರಹಗಾರ್ತಿಯರು ಬಂದರು. ದೇಶದ ಪತ್ರಿಕೆಗಳಿಗೆಲ್ಲ ಇಲ್ಲಿಂದ ಲೇಖನ, ಅಂಕಿಅಂಶ, ಉತ್ತರ ಹೋಗತೊಡಗಿತು. ಆ ವರ್ಷದ ಕೊನೆಗೆ ನ್ಯೂಯಾರ್ಕ್ ರಾಜ್ಯ ಹೆಂಗಸರಿಗೆ ಮತ ಕೊಟ್ಟಿತು. 1920ರಲ್ಲಿ ಇಡೀ ದೇಶದ ಸಂವಿಧಾನ ತಿದ್ದುಪಡಿಯಾಯಿತು. ಈ ಗೆಲುವು ಲೆಸ್ಲಿಯ ಹಣದಿಂದಲೇ ಬಂತು ಎಂದರೆ ತಪ್ಪಾದೀತು. ಅದರ ಹಿಂದೆ 70 ವರ್ಷದ ದುಡಿಮೆ ಇತ್ತು. ಆದರೆ ಕೊನೆಯ ಓಟದಲ್ಲಿ ಉಸಿರು ಕಟ್ಟದಂತೆ ನೋಡಿಕೊಂಡದ್ದು ಯಾರ ಅಪ್ಪಣೆಯನ್ನೂ ಕೇಳಬೇಕಿಲ್ಲದ ಈ ಹಣ.

ಇಲ್ಲಿಯವರೆಗೆ ನೋಡಿದ್ದು ಎರಡು ಬಗೆಯ ಹಣ. ಒಂದು, ಕೊಟ್ಟವನ ಮರ್ಜಿಗೆ ಬಿದ್ದ ಹಣ. ಇನ್ನೊಂದು, ಚಳವಳಿಯ ವಿವೇಕಕ್ಕೆ ಬಿಟ್ಟ ಹಣ. ಒಂದೇ ನಗರದ ಎರಡು ಕತೆಯಿಂದ ಸಿದ್ಧಾಂತ ಕಟ್ಟಬಹುದೇ ಎಂದು ನೀವು ಕೇಳಬಹುದು. ಕಟ್ಟಬಾರದು. ಅದಕ್ಕೇ ಈಗ ವಿಸ್ತಾರವಾದ ಒಂದು ಅಧ್ಯಯನಕ್ಕೆ ಬರೋಣ. ಮಾಲಾ ಹ್ಟುನ್ ಮತ್ತು ಲಾರೆಲ್ ವೆಲ್ಡನ್ ಎಂಬ ಇಬ್ಬರು ರಾಜ್ಯಶಾಸ್ತ್ರಜ್ಞೆಯರು 70 ದೇಶಗಳನ್ನು ತೆಗೆದುಕೊಂಡರು. 1975ರಿಂದ 2005ರವರೆಗೆ, 30 ವರ್ಷದ ಕಾಲಾವಧಿ. ಹೆಂಗಸರ ಮೇಲಿನ ಹಿಂಸೆಯನ್ನು ತಡೆಯುವ ಕಾನೂನು ಮತ್ತು ನೀತಿ ಯಾವ ದೇಶದಲ್ಲಿ ಬೇಗ ಬಂತು, ಎಲ್ಲಿ ತಡವಾಯಿತು, ಯಾಕೆ ಎಂಬುದು ಅವರ ಪ್ರಶ್ನೆ. 2012ರಲ್ಲಿ ಫಲಿತಾಂಶ ಪ್ರಕಟವಾಯಿತು. ದೇಶ ಶ್ರೀಮಂತವಾಗಿದ್ದರೆ ಸಾಕು ಎಂದು ನಾವು ಅಂದುಕೊಳ್ಳುತ್ತೇವೆ. ಸಾಲದು ಎಂದು ತಿಳಿಯಿತು. ಎಡಪಕ್ಷಗಳು ಅಧಿಕಾರಕ್ಕೆ ಬಂದರೆ ಆದೀತು ಎನ್ನುತ್ತೇವೆ. ಅದೂ ನಿರ್ಣಾಯಕವಲ್ಲ. ಸಂಸತ್ತಿನಲ್ಲಿ ಹೆಂಗಸರು ಹೆಚ್ಚಿದ್ದರೆ? ಅದೂ ತಾನಾಗಿಯೇ ಕೆಲಸ ಮಾಡುವುದಿಲ್ಲ. ಎಲ್ಲಕ್ಕಿಂತ ಗಟ್ಟಿಯಾಗಿ, ದೇಶದಿಂದ ದೇಶಕ್ಕೆ ನಿಂತು ಕಂಡ ಕಾರಣ ಒಂದೇ. ಅಲ್ಲಿ ಸ್ವತಂತ್ರವಾದ, ಬಲವಾದ ಸ್ತ್ರೀವಾದಿ ಚಳವಳಿ ಇರಬೇಕು. ಪಕ್ಷದ ಮಹಿಳಾ ಘಟಕ ಆ ಕೆಲಸ ಮಾಡಲಾರದು, ಸರ್ಕಾರದ ಒಂದು ಇಲಾಖೆಯೂ ಮಾಡಲಾರದು. ತನ್ನ ಕಾರ್ಯಸೂಚಿಯನ್ನು ತಾನೇ ಬರೆದುಕೊಳ್ಳುವ ಚಳವಳಿಯೇ ಬೇಕು.

ಹಾಗಾದರೆ ಜಗತ್ತು ಅಂಥ ಚಳವಳಿಗೆ ಎಷ್ಟು ಹಣ ಕೊಡುತ್ತಿದೆ? ಕೇಳಿ. ಶ್ರೀಮಂತ ದೇಶಗಳ ಸರ್ಕಾರಗಳು 2022ರಿಂದ 2024ರವರೆಗೆ ಅಭಿವೃದ್ಧಿ ನೆರವು ಎಂದು ವರ್ಷಕ್ಕೆ 20 ಸಾವಿರ ಕೋಟಿ ಡಾಲರಿಗೂ ಹೆಚ್ಚು ಲೆಕ್ಕ ತೋರಿಸಿವೆ. ಇದರಲ್ಲಿ ಮಹಿಳಾ ಹಕ್ಕುಗಳ ಸಂಘಟನೆಗಳ ಕೈಗೆ ಹೋಗುವುದು ನೂರಕ್ಕೆ ಒಂದು ಪಾಲೂ ಇಲ್ಲ. ಲಿಂಗ ಸಮಾನತೆ ಎಂಬ ಪದ ಮಾತ್ರ ಯೋಜನಾ ವರದಿಗಳಲ್ಲಿ ಧಾರಾಳವಾಗಿ ಸಿಗುತ್ತದೆ. ಸೇತುವೆ ಕಟ್ಟುವ ಯೋಜನೆಯಲ್ಲೂ ಅದಕ್ಕೊಂದು ಪ್ಯಾರಾ ಮೀಸಲು. ಏವಿಡ್ ಎಂಬ ಅಂತರರಾಷ್ಟ್ರೀಯ ಸ್ತ್ರೀವಾದಿ ಸಂಸ್ಥೆ 2005ರ ಸುಮಾರಿಗೆ 'ಹಣ ಎಲ್ಲಿದೆ' ಎಂಬ ಪ್ರಶ್ನೆಯನ್ನೇ ಇಟ್ಟುಕೊಂಡು ಸಮೀಕ್ಷೆ ಶುರುಮಾಡಿತು. 2010ರ ಲೆಕ್ಕ ಹೀಗಿತ್ತು. ಜಗತ್ತಿನ 740 ಮಹಿಳಾ ಸಂಘಟನೆಗಳ ಬಜೆಟ್ಟನ್ನು ಸಾಲಾಗಿ ಇಟ್ಟರೆ ನಡುಮಧ್ಯೆ ನಿಲ್ಲುವ ಸಂಘಟನೆಯ ವಾರ್ಷಿಕ ಬಜೆಟ್ 20 ಸಾವಿರ ಡಾಲರ್. ಆಗಿನ ದರದಲ್ಲಿ ಹೆಚ್ಚುಕಡಿಮೆ 9 ಲಕ್ಷ ರೂಪಾಯಿ. ಕೊಠಡಿ, ಸಂಬಳ, ಓಡಾಟ, ಕೋರ್ಟು ಎಲ್ಲ ಅದರಲ್ಲೇ. ಆ 740 ಸಂಘಟನೆಗಳ ವರಮಾನವನ್ನು ಒಟ್ಟು ಮಾಡಿದರೆ 10 ಕೋಟಿ ಡಾಲರಿಗೆ ಸ್ವಲ್ಪ ಮೇಲೆ. ಅದೇ ವರ್ಷ ವರ್ಲ್ಡ್ ವಿಷನ್ ಎಂಬ ಒಂದೇ ಒಂದು ಪರಿಹಾರ ಸಂಸ್ಥೆಯ ವರಮಾನ 260 ಕೋಟಿ ಡಾಲರ್. ಇನ್ನೊಂದು ಅಂಶ ನನಗೆ ಇದಕ್ಕಿಂತ ಮುಖ್ಯ. ಉತ್ತರ ಕೊಟ್ಟ ಸಂಘಟನೆಗಳಲ್ಲಿ ಹತ್ತಿರ ಹತ್ತಿರ ಅರ್ಧದಷ್ಟಕ್ಕೆ ಸಂಘಟನೆ ನಡೆಸುವ ಮೂಲ ಖರ್ಚಿಗೆಂದು ಯಾರೂ ಯಾವತ್ತೂ ಹಣ ಕೊಟ್ಟಿರಲಿಲ್ಲ. ಅರ್ಧಕ್ಕಿಂತ ಹೆಚ್ಚಿನವಕ್ಕೆ ಒಂದು ವರ್ಷ ದಾಟಿ ಬಾಳುವ ಅನುದಾನವೇ ಸಿಕ್ಕಿರಲಿಲ್ಲ.

ಲೆಕ್ಕ ಸಾಕು. ಅದು ಹೇಳುವುದಿಷ್ಟು: ಯಾವ ಕಾರಣ ಕೆಲಸ ಮಾಡುತ್ತದೆ ಎಂದು ಪುರಾವೆ ಇದೆಯೋ ಅದಕ್ಕೆ ಹಣವಿಲ್ಲ. ಕೊಡುವ ಅಲ್ಪಸ್ವಲ್ಪವೂ ಪ್ರಾಜೆಕ್ಟ್ ಎಂಬ ಪೊಟ್ಟಣದಲ್ಲಿ ಬರುತ್ತದೆ. ಪ್ರಾಜೆಕ್ಟ್ ಎಂದರೆ ಏನೆಂದು ಸ್ವಲ್ಪ ಹತ್ತಿರದಿಂದ ನೋಡೋಣ. ಹಣ ಕೊಡುವ ಸಂಸ್ಥೆ ಒಂದು ನಮೂನೆ ಕಳಿಸುತ್ತದೆ. ಹನ್ನೆರಡು ತಿಂಗಳಲ್ಲಿ ಎಷ್ಟು ತರಬೇತಿ, ಎಷ್ಟು ಮಂದಿಗೆ, ಪ್ರತಿ ಮೂರು ತಿಂಗಳಿಗೆ ಏನು ಫಲ ಎಂದು ಮುಂಚೆಯೇ ಬರೆದುಕೊಡಬೇಕು. ತರಬೇತಿಯ ಊಟಕ್ಕೆ ಹಣ ಇದೆ, ಬ್ಯಾನರಿಗೆ ಇದೆ, ಕೊನೆಗೊಂದು ವರದಿಗೆ ಇದೆ. ತರಬೇತಿ ಪಡೆದ ಹೆಂಗಸು ಮಾರನೆಯ ದಿನ ಪೊಲೀಸ್ ಠಾಣೆಗೆ ಹೋದರೆ ಜೊತೆಗೆ ಹೋಗುವವಳ ಸಂಬಳಕ್ಕೆ ಹಣ ಇಲ್ಲ. ಪ್ರಕರಣ ಕೋರ್ಟಿನಲ್ಲಿ ಆರು ವರ್ಷ ನಡೆದರೆ ಐದನೆಯ ವರ್ಷಕ್ಕೆ ಯಾವ ನಮೂನೆಯಲ್ಲೂ ಜಾಗ ಇಲ್ಲ. ನೊಂದವಳು ವಿಚಾರಣೆಗೆ ಅಲೆಯುತ್ತಲೇ ಇರುತ್ತಾಳೆ, ಪ್ರಾಜೆಕ್ಟ್ ಮುಗಿದಿರುತ್ತದೆ.

ಹೀಗಲ್ಲದೆ ಬೇರೆ ರೀತಿಯೂ ಸಾಧ್ಯ ಎಂಬುದಕ್ಕೆ ನಮ್ಮ ರಾಜ್ಯದಲ್ಲೇ ಒಂದು ದೃಷ್ಟಾಂತ ಇದೆ. 1980ರ ದಶಕದ ಕೊನೆಯಲ್ಲಿ ಮಹಿಳಾ ಸಮಖ್ಯ ಕಾರ್ಯಕ್ರಮ ಶುರುವಾಯಿತು. ಕರ್ನಾಟಕ, ಉತ್ತರ ಪ್ರದೇಶ, ಗುಜರಾತ್ ಮೊದಲ ಮೂರು ರಾಜ್ಯಗಳು. ನಮ್ಮಲ್ಲಿ ಬೀದರ್, ಬಿಜಾಪುರ, ಮೈಸೂರು ಜಿಲ್ಲೆಗಳು. ಕಾರ್ಯಕ್ರಮ ಭಾರತ ಸರ್ಕಾರದ್ದು, ಹಣ ನೆದರ್ಲೆಂಡ್ಸ್ ಸರ್ಕಾರದ್ದು. ಇದರಲ್ಲಿ ವಿಶೇಷ ಏನೆಂದರೆ ಗುರಿ ಇಷ್ಟು, ಸಂಖ್ಯೆ ಇಷ್ಟು ಎಂಬ ಹೇರಿಕೆ ಇರಲಿಲ್ಲ. ಸಹಯೋಗಿನಿ ಎಂಬ ಒಬ್ಬ ಕಾರ್ಯಕರ್ತೆಗೆ ಹತ್ತು ಹಳ್ಳಿ. ಅವಳು ಹೋಗಿ ದಲಿತ ಕೇರಿಯಲ್ಲಿ, ಕೂಲಿ ಹೆಂಗಸರ ಜೊತೆ ಕೂರಬೇಕು, ಮಾತಾಡಬೇಕು. ಸಂಘ ಯಾವಾಗ ಕಟ್ಟಬೇಕು, ಮೊದಲು ಯಾವುದಕ್ಕೆ ಕೈಹಾಕಬೇಕು ಎಂದು ಹೇಳಬೇಕಾದವರು ಆ ಹೆಂಗಸರೇ. ಹೆಸರಿಗೆ ಅದು ಶಿಕ್ಷಣ ಇಲಾಖೆಯ ಕಾರ್ಯಕ್ರಮ. ಆದರೂ ಹೆಂಗಸರು ಅಕ್ಷರಕ್ಕಿಂತ ಮೊದಲು ಕುಡಿಯುವ ನೀರು, ಕೂಲಿ, ರೇಷನ್ ಎಂದರೆ ಸರಿ, ಅದೇ ಮೊದಲು. ಓದು ಬೇಕೆಂದು ಅವರೇ ಕೇಳುವವರೆಗೆ ಕಾಯುವ ತಾಳ್ಮೆ ಆ ಹಣಕ್ಕೆ ಇತ್ತು. ಸಂಘದ ಮನೆ ಕಟ್ಟಿಕೊಳ್ಳಲೂ ನೆರವು ಇತ್ತು. ಊರ ಕಟ್ಟೆಯ ಮೇಲೆ ಗಂಡಸರು ಕೂರುವ ಹಾಗೆ ಹೆಂಗಸರು ಯಾರನ್ನೂ ಕೇಳದೆ ಹೋಗಿ ಕೂರಬಹುದಾದ ಒಂದು ಜಾಗ. ನಾನು ಬಾಡಿಗೆ ಎಂದು ಹೇಳುತ್ತಿರುವುದು ಇದನ್ನೇ. 1993ರ ಪಂಚಾಯಿತಿ ಚುನಾವಣೆ ಬಂದಾಗ ಈ ಸಂಘಗಳ ಹೆಂಗಸರು ಉಮೇದುವಾರರಾಗಿ ನಿಂತರು, ಗೆದ್ದರು. ಅದು ಯಾವ ನಮೂನೆಯಲ್ಲೂ ಮೊದಲೇ ಬರೆದಿಟ್ಟ ಫಲ ಅಲ್ಲ. ಕರ್ನಾಟಕದಲ್ಲಿ ಈ ಕಾರ್ಯಕ್ರಮದ ಮೊದಲ ನಿರ್ದೇಶಕಿ ಶ್ರೀಲತಾ ಬಾಟ್ಲಿವಾಲಾ. ಮುಂದೆ ಅವರು ಏವಿಡ್ ಸಂಸ್ಥೆಯ ಪರವಾಗಿ ಇನ್ನೊಂದು ಡಚ್ ನಿಧಿಯ ಪರಿಣಾಮವನ್ನು ಅಳೆಯುವ ಕೆಲಸದಲ್ಲಿ ಇದ್ದರು. 2008ರಲ್ಲಿ ನೆದರ್ಲೆಂಡ್ಸ್ 7 ಕೋಟಿ ಯೂರೋಗೂ ಹೆಚ್ಚು ಹಣವನ್ನು ಜಗತ್ತಿನ ನಲವತ್ತೈದು ಮಹಿಳಾ ಯೋಜನೆಗಳಿಗೆ ದೊಡ್ಡ ಮೊತ್ತಗಳಲ್ಲಿ, ಹಲವು ವರ್ಷಕ್ಕೆ ಆಗುವಂತೆ ಕೊಟ್ಟಿತ್ತು. ಮೊತ್ತ ದೊಡ್ಡದಾಗಿ, ಅವಧಿ ಉದ್ದವಾಗಿ ಇದ್ದರೆ ಸಂಘಟನೆಗಳು ಹಣವನ್ನು ಪೋಲು ಮಾಡುವುದಿಲ್ಲ, ಅವುಗಳ ವ್ಯಾಪ್ತಿ ಬೆಳೆಯುತ್ತದೆ ಎಂದೇ ಆ ಅಧ್ಯಯನ ಹೇಳಿತು. ಆದರೂ ಮಹಿಳಾ ಸಮಖ್ಯವನ್ನು ಕೇಂದ್ರ ಸರ್ಕಾರ 2016ರ ಹೊತ್ತಿಗೆ ನಿಲ್ಲಿಸಿತು. ಉಳಿತಾಯ ಮತ್ತು ಸಾಲದ ಸ್ವಸಹಾಯ ಗುಂಪುಗಳಿಗೆ ಆದ್ಯತೆ ಹೋಯಿತು. ಸಾಲದ ಕಂತು ಎಣಿಸುವುದು ಸುಲಭ. ಒಬ್ಬ ಹೆಂಗಸು ಗ್ರಾಮಸಭೆಯಲ್ಲಿ ಎದ್ದು ನಿಂತಿದ್ದನ್ನು ಎಣಿಸುವುದು ಕಷ್ಟ.

ಸರ್ಕಾರಗಳ ಮಾತಾಯಿತು. ಈಗ ಹೆಂಗಸರೇ ಕಟ್ಟಿಕೊಂಡ ನಿಧಿಗಳ ಕಡೆ ಹೊರಳೋಣ. 1983ರಲ್ಲಿ ಆಮ್‌ಸ್ಟರ್‌ಡ್ಯಾಮಿನಲ್ಲಿ ಐವರು ಹೆಂಗಸರು ಸೇರಿ ಮಾಮಾ ಕ್ಯಾಶ್ ಎಂಬ ನಿಧಿ ಶುರುಮಾಡಿದರು. ಅವರಲ್ಲೊಬ್ಬರಾದ ಮಾರ್ಯನ್ ಸಾಕ್ಸ್‌ಗೆ ಪಿತ್ರಾರ್ಜಿತವಾಗಿ ಬಂದ ಹಣ ಅದಕ್ಕೆ ಬೀಜವಾಯಿತು. 1987ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಗ್ಲೋಬಲ್ ಫಂಡ್ ಫಾರ್ ವಿಮೆನ್ ಹುಟ್ಟಿತು. ಭಾರತದಲ್ಲಿ ಹುಟ್ಟಿದ ಕವಿತಾ ರಾಮದಾಸ್ ಅದನ್ನು ಹದಿನಾಲ್ಕು ವರ್ಷ ಮುನ್ನಡೆಸಿದರು. 2000ದಲ್ಲಿ ಘಾನಾ ದೇಶದ ಅಕ್ರಾದಲ್ಲಿ ಮೂವರು ಆಫ್ರಿಕನ್ ಮಹಿಳೆಯರು ಆಫ್ರಿಕಾದ್ದೇ ಒಂದು ಮಹಿಳಾ ನಿಧಿ ಕಟ್ಟಿದರು. ಫ್ರೀಡಾ ಎಂಬ ಯುವ ಸ್ತ್ರೀವಾದಿ ನಿಧಿಯಲ್ಲಿ ಒಂದು ಸೊಗಸಾದ ಪದ್ಧತಿ ಇದೆ. ಯಾರಿಗೆ ಹಣ ಕೊಡಬೇಕೆಂದು ಕಚೇರಿಯ ದೊಡ್ಡವರು ತೀರ್ಮಾನಿಸುವುದಿಲ್ಲ. ಅರ್ಜಿ ಹಾಕಿದ ಗುಂಪುಗಳೇ ಒಬ್ಬರ ಅರ್ಜಿ ಇನ್ನೊಬ್ಬರು ಓದಿ ಮತ ಹಾಕುತ್ತವೆ. ನನಗೆ ಇವೆಲ್ಲಕ್ಕಿಂತ ಇಷ್ಟವಾಗುವುದು ನಮ್ಮ ನೆರೆಯ ನೇಪಾಳದ ತೇವಾ. ರೀತಾ ಥಾಪಾ 1990ರ ದಶಕದ ನಡುವೆ ಕಟ್ಟಿದ ಸಂಸ್ಥೆ ಅದು. ಬಡದೇಶದಲ್ಲಿ ಯಾರು ಚಂದಾ ಕೊಡುತ್ತಾರೆ ಎಂದು ಜನ ಕೇಳಿದ್ದರಂತೆ. ಅವರು ಸ್ವಯಂಸೇವಕಿಯರಿಗೆ ಹಣ ಕೇಳುವುದನ್ನೇ ಕಲಿಸಿದರು. ಸಾವಿರಾರು ನೇಪಾಳಿಗಳು ಕೈಲಾದಷ್ಟು ಕೊಟ್ಟರು. ಹಳ್ಳಿಯ ಮಹಿಳಾ ಗುಂಪುಗಳಿಗೆ ಕೊಡುವ ಅನುದಾನ ನೇಪಾಳಿಗಳ ಹಣದಿಂದಲೇ ಹೋಗಬೇಕೆಂಬ ನಿಯಮ ಇಟ್ಟುಕೊಂಡರು.

ಇಷ್ಟೆಲ್ಲ ಹೇಳಿದ ಮೇಲೆ ಆಕ್ಷೇಪಗಳನ್ನು ಕೇಳಿಸಿಕೊಳ್ಳಬೇಕು. ಮೊದಲನೆಯದು ಚಳವಳಿಯ ಒಳಗಿನಿಂದಲೇ ಬರುವುದು, ಆದ್ದರಿಂದ ಅದೇ ಹೆಚ್ಚು ತೂಕದ್ದು. ಹಣ ಬಂದರೆ ಚಳವಳಿ ಸಾಯುತ್ತದೆ, ಎನ್‌ಜಿಒ ಉಳಿಯುತ್ತದೆ ಎಂಬ ಆಕ್ಷೇಪ ಅದು. ಉಂಡ ಮನೆಯ ಜಂತೆ ಎಣಿಸಬಾರದು ಎನ್ನುತ್ತೇವಲ್ಲ, ಕೊಟ್ಟವರ ತಪ್ಪನ್ನು ಎಣಿಸಲಾರದ ಚಳವಳಿ ಎಂಥ ಚಳವಳಿ? ಪ್ಯಾಲೆಸ್ತೀನಿನ ವಿದ್ವಾಂಸೆ ಇಸ್ಲಾಹ್ ಜಾದ್ ಅರಬ್ ಮಹಿಳಾ ಚಳವಳಿಗಳ ಬಗ್ಗೆ, ಸೋನಿಯಾ ಅಲ್ವಾರೆಜ್ ಲ್ಯಾಟಿನ್ ಅಮೆರಿಕದ ಬಗ್ಗೆ ಇದನ್ನೇ ಬರೆದರು. ಬೀದಿಯಲ್ಲಿದ್ದವರು ಕಚೇರಿಗೆ ಬಂದರು, ಜನರಿಗೆ ಉತ್ತರ ಹೇಳುತ್ತಿದ್ದವರು ದಾನಿಗಳಿಗೆ ವರದಿ ಬರೆಯತೊಡಗಿದರು ಎಂದು. 2004ರಲ್ಲಿ ಅಮೆರಿಕದಲ್ಲಿ ಇನ್ನೂ ನೇರವಾದ ಒಂದು ಪ್ರಕರಣ ನಡೆಯಿತು. ಇನ್‌ಸೈಟ್ ಎಂಬ, ಕಪ್ಪು ಮತ್ತು ಇತರ ವರ್ಣದ ಮಹಿಳೆಯರ ಸಂಘಟನೆಗೆ ಫೋರ್ಡ್ ಪ್ರತಿಷ್ಠಾನ ಸುಮಾರು 1 ಲಕ್ಷ ಡಾಲರ್ ಕೊಡುವುದಾಗಿ ಒಪ್ಪಿತ್ತು. ಪ್ಯಾಲೆಸ್ತೀನ್ ಪರವಾಗಿ ಆ ಸಂಘಟನೆ ಹೇಳಿಕೆ ಕೊಟ್ಟಿದ್ದು ಗೊತ್ತಾದ ಮೇಲೆ ಮಾತು ಹಿಂತೆಗೆದುಕೊಂಡಿತು. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ. ಆ ಹೆಂಗಸರು ಜನರಿಂದ ಚಂದಾ ಎತ್ತಿ ಕೆಲಸ ಮುಂದುವರಿಸಿದರು, ಈ ವಿಷಯದ ಮೇಲೆ ಒಂದು ಪುಸ್ತಕವನ್ನೇ ತಂದರು. ಈ ಆಕ್ಷೇಪದ ಬಹುಪಾಲನ್ನು ನಾನು ಒಪ್ಪುತ್ತೇನೆ. ಆದರೆ ಗಮನಿಸಿ, ಈ ಎಲ್ಲ ದೂರುಗಳೂ ಯಾವ ಹಣದ ಮೇಲೆ? ಷರತ್ತಿನ ಹಣದ ಮೇಲೆ, ಒಂದೇ ದಾನಿಯ ಮೇಲೆ ನಿಂತ ಹಣದ ಮೇಲೆ. ಹಣವೇ ಬೇಡ ಎಂದರೆ ಏನಾಗುತ್ತದೆ ಎಂಬುದಕ್ಕೂ ಉತ್ತರ ಬೇಕು. ಸಂಬಳವಿಲ್ಲದೆ ಹತ್ತು ವರ್ಷ ಚಳವಳಿ ಮಾಡಲು ಯಾರಿಗೆ ಸಾಧ್ಯ? ಮನೆಯಲ್ಲಿ ಅನುಕೂಲ ಇದ್ದವರಿಗೆ. ಗಾರ್ಮೆಂಟ್ ಕಾರ್ಖಾನೆಯಿಂದ ಸಂಜೆ ಏಳಕ್ಕೆ ಹೊರಬರುವವಳಿಗೆ ಆಗದು. ಸೇವೆಗೆ ಸಂಬಳವೇಕೆ ಎಂಬ ಮಾತು ಕೇಳಲು ತುಂಬ ತ್ಯಾಗಮಯವಾಗಿದೆ, ಅದರ ಪರಿಣಾಮ ಮಾತ್ರ ನಾಯಕತ್ವವನ್ನು ಉಳ್ಳವರ ಕೈಯಲ್ಲೇ ಉಳಿಸುವುದು.

ಎರಡನೆಯ ಆಕ್ಷೇಪ ಸರ್ಕಾರಗಳದು. ವಿದೇಶಿ ಹಣ ಎಂದರೆ ವಿದೇಶಿ ಹಸ್ತಕ್ಷೇಪ ಎನ್ನುತ್ತವೆ. ಈ ಆತಂಕವನ್ನು ತಳ್ಳಿಹಾಕಲಾಗದು. ಹಣದ ಜೊತೆ ಕೊಡುವ ದೇಶದ ರಾಜಕೀಯ ಬರುತ್ತದೆ ಎಂಬುದಕ್ಕೆ ಅಮೆರಿಕವೇ ಸಾಕ್ಷಿ. ಗರ್ಭಪಾತದ ಬಗ್ಗೆ ಸಲಹೆ ಕೊಡುವ ವಿದೇಶಿ ಸಂಸ್ಥೆಗೆ ನೆರವಿಲ್ಲ ಎಂಬ ನಿಯಮವನ್ನು ರೇಗನ್ ಸರ್ಕಾರ 1984ರಲ್ಲಿ ತಂದಿತು. ಅಂದಿನಿಂದ ಡೆಮಾಕ್ರಟಿಕ್ ಅಧ್ಯಕ್ಷ ಬಂದರೆ ರದ್ದು, ರಿಪಬ್ಲಿಕನ್ ಬಂದರೆ ಮತ್ತೆ ಜಾರಿ. ವಾಷಿಂಗ್‌ಟನ್ನಿನ ಚುನಾವಣೆಗೆ ಆಫ್ರಿಕಾದ ಹಳ್ಳಿಯ ಕ್ಲಿನಿಕ್ಕು ಬಾಗಿಲು ಹಾಕಬೇಕಾಗುತ್ತದೆ. ಆದರೆ ಈ ಆತಂಕಕ್ಕೆ ಮದ್ದು ಪಾರದರ್ಶಕ ಲೆಕ್ಕಪತ್ರ. ನಮ್ಮ ದೇಶದ ವಿದೇಶಿ ದೇಣಿಗೆ ಕಾಯಿದೆಗೆ 2020ರಲ್ಲಿ ತಂದ ತಿದ್ದುಪಡಿ ಬೇರೆಯೇ ದಾರಿ ಹಿಡಿಯಿತು. ವಿದೇಶಿ ದೇಣಿಗೆ ಪಡೆದ ಸಂಸ್ಥೆ ಅದನ್ನು ಇನ್ನೊಂದು ಸಂಸ್ಥೆಗೆ ಹಂಚುವಂತಿಲ್ಲ. ಆಡಳಿತ ವೆಚ್ಚ ನೂರಕ್ಕೆ 50ರವರೆಗೆ ಇರಬಹುದಾಗಿದ್ದದ್ದು 20ಕ್ಕೆ ಇಳಿಯಿತು. ಆಡಳಿತ ವೆಚ್ಚ ಎಂದರೆ ಏನು? ಕಚೇರಿಯ ಬಾಡಿಗೆ, ಕರೆಂಟು, ಫೋನು, ಲೆಕ್ಕ ಬರೆಯುವವರ ಸಂಬಳ. ನಗರದ ದೊಡ್ಡ ಸಂಸ್ಥೆ ಹಣ ತಂದು ತಾಲ್ಲೂಕಿನ ಐದು ಸಣ್ಣ ಮಹಿಳಾ ಗುಂಪುಗಳಿಗೆ ಹಂಚುವ ದಾರಿ ಇತ್ತು, ಅದು ಮುಚ್ಚಿತು. ದೊಡ್ಡವರು ಹೇಗೋ ಉಳಿದರು. ಪೆಟ್ಟು ಬಿದ್ದದ್ದು ಸಣ್ಣವರಿಗೆ. ಕೈಗಾರಿಕೆಗೆ ವಿದೇಶಿ ಬಂಡವಾಳ ಬಂದರೆ ರತ್ನಗಂಬಳಿ ಹಾಸುವ ನಾವು, ಹೆಂಗಸರ ಸಂಘದ ಬಾಡಿಗೆಗೆ ಬಂದ ಹಣದಲ್ಲಿ ಮಾತ್ರ ದೇಶದ ಸಾರ್ವಭೌಮತ್ವಕ್ಕೆ ಅಪಾಯವನ್ನು ಹುಡುಕುತ್ತೇವೆ.

ಮೂರನೆಯ ಆಕ್ಷೇಪ ಚಿಕ್ಕದು. ಷರತ್ತಿಲ್ಲದೆ ಕೊಟ್ಟರೆ ದುಂದು ಆಗುವುದಿಲ್ಲವೇ ಎಂಬುದು. ಮೆಕೆಂಜಿ ಸ್ಕಾಟ್ ಎಂಬ ಅಮೆರಿಕದ ಶ್ರೀಮಂತೆ 2020ರಿಂದ ಸಾವಿರಾರು ಸಂಸ್ಥೆಗಳಿಗೆ ದೊಡ್ಡ ಮೊತ್ತವನ್ನು ಏನೂ ಷರತ್ತಿಲ್ಲದೆ ಕೊಡುತ್ತಿದ್ದಾರೆ. ಆ ಸಂಸ್ಥೆಗಳನ್ನು ಮೂರು ವರ್ಷ ಹಿಂಬಾಲಿಸಿದ ಅಧ್ಯಯನ ಇದೆ. ದುಡ್ಡು ಕಂಡು ತಲೆಕೆಡಿಸಿಕೊಂಡಾರು, ಮುಗಿದ ಮೇಲೆ ಬಿದ್ದುಹೋದಾರು ಎಂಬ ಭಯ ಬಹುಮಟ್ಟಿಗೆ ನಿಜವಾಗಲಿಲ್ಲ.

ಹಾಗಾದರೆ ಮೂರು ಆಕ್ಷೇಪಗಳೂ ಕೊನೆಗೆ ಬಂದು ನಿಲ್ಲುವುದು ಒಂದೇ ಕಡೆ. ಹಣ ಒಬ್ಬರ ಕೈಯಿಂದ ಬರಬಾರದು, ಬಂದ ಹಣಕ್ಕೆ ಹಗ್ಗ ಕಟ್ಟಿರಬಾರದು. ಇದನ್ನು ಇವತ್ತು ಇಷ್ಟು ಒತ್ತಿ ಹೇಳಲು ಕಾರಣ ಇದೆ. ತನ್ನ ವಿದೇಶಾಂಗ ನೀತಿಯೇ ಸ್ತ್ರೀವಾದಿ ಎಂದು 2014ರಲ್ಲಿ ಜಗತ್ತಿಗೆ ಮೊದಲು ಸಾರಿದ ಸ್ವೀಡನ್, ಸರ್ಕಾರ ಬದಲಾದ ಕೂಡಲೇ 2022ರಲ್ಲಿ ಆ ಹೆಸರನ್ನು ಕೈಬಿಟ್ಟಿತು. ನೆದರ್ಲೆಂಡ್ಸ್ ನೆರವಿನ ಕಡಿತವನ್ನು ಘೋಷಿಸಿತು. ಬ್ರಿಟನ್ 2027ರೊಳಗೆ ತನ್ನ ನೆರವನ್ನು ರಾಷ್ಟ್ರೀಯ ಆದಾಯದ ನೂರಕ್ಕೆ 0.3ಕ್ಕೆ ಇಳಿಸುವುದಾಗಿ ಹೇಳಿದೆ. ಅಮೆರಿಕ 2025ರಲ್ಲಿ ತನ್ನ ನೆರವು ಸಂಸ್ಥೆ ಯುಎಸ್‌ಏಡ್ ಅನ್ನೇ ಮುಚ್ಚಿತು. ಅದೇ ವರ್ಷ ವಿಶ್ವಸಂಸ್ಥೆಯ ಮಹಿಳಾ ಘಟಕ ಯುದ್ಧ, ಬರ, ನಿರಾಶ್ರಿತರ ಸಂಕಟ ಇರುವ 44 ಕಡೆಗಳಲ್ಲಿ 400ಕ್ಕೂ ಹೆಚ್ಚು ಮಹಿಳಾ ಸಂಘಟನೆಗಳನ್ನು ಮಾತಾಡಿಸಿತು. ನೂರಕ್ಕೆ ತೊಂಬತ್ತು ಸಂಘಟನೆಗಳಿಗೆ ಕಡಿತದ ಪೆಟ್ಟು ತಟ್ಟಿತ್ತು. ಹೀಗೇ ಆದರೆ ಆರು ತಿಂಗಳಲ್ಲಿ ಬಾಗಿಲು ಹಾಕುತ್ತೇವೆ ಎಂದು ಹೆಚ್ಚುಕಡಿಮೆ ಅರ್ಧದಷ್ಟು ಸಂಘಟನೆಗಳು ಹೇಳಿದವು. ಎದುರು ಪಾಳಯದ ಕಡೆಯೂ ಒಮ್ಮೆ ನೋಡಿ. ಯುರೋಪಿನಲ್ಲಿ ಮಹಿಳೆಯರ ಸಂತಾನ ಹಕ್ಕು, ಲಿಂಗ ಸಮಾನತೆಗಳ ವಿರುದ್ಧ ಕೆಲಸ ಮಾಡುವ ಸಂಸ್ಥೆಗಳಿಗೆ 2009ರಿಂದ ಹತ್ತು ವರ್ಷದಲ್ಲಿ ಹರಿದುಬಂದ ಹಣ 70 ಕೋಟಿ ಡಾಲರ್ ಎಂದು ಯುರೋಪಿನ ಸಂಸದರ ವೇದಿಕೆಯೊಂದು ಲೆಕ್ಕ ಹಾಕಿದೆ. ಸಮಾನತೆ ಬೇಡ ಎನ್ನುವವರಿಗೆ ಬಾಡಿಗೆಯ ಚಿಂತೆ ಇದ್ದ ಹಾಗೆ ಕಾಣುವುದಿಲ್ಲ.

ಸರ್ಕಾರಗಳು ಬದಲಾಗುವುದನ್ನು ನಾವು ತಡೆಯಲಾರೆವು. ದಾನಿಗಳನ್ನು ಹೆಚ್ಚು ಮಾಡಬಹುದು. 1974ರಲ್ಲಿ ಅಹಮದಾಬಾದಿನಲ್ಲಿ ಸೇವಾ ಸಂಘಟನೆಯ 4 ಸಾವಿರ ಬಡ ಹೆಂಗಸರು ತಲಾ 10 ರೂಪಾಯಿ ಷೇರು ಹಾಕಿ ತಮ್ಮದೇ ಬ್ಯಾಂಕ್ ತೆರೆದರು. ಆ 10 ರೂಪಾಯಿ ಅವರಿಗೆ ಸಣ್ಣದಾಗಿರಲಿಲ್ಲ. ನಮ್ಮಲ್ಲಿ ಅನೇಕರಿಗೆ ಅದಕ್ಕಿಂತ ಎಷ್ಟೋ ಪಾಲು ಹೆಚ್ಚು ಕೊಡುವ ಶಕ್ತಿ ಇದೆ. ನಾವು ದೇವಸ್ಥಾನದ ಜೀರ್ಣೋದ್ಧಾರಕ್ಕೆ ಕೊಡುತ್ತೇವೆ, ಶಾಲೆಯ ಕಟ್ಟಡಕ್ಕೆ ಕೊಡುತ್ತೇವೆ, ಅನ್ನದಾನಕ್ಕೆ ಕೊಡುತ್ತೇವೆ. ಅವು ನಡೆಯಲಿ. ನಿಮ್ಮ ಊರಿನಲ್ಲಿ, ನಿಮ್ಮ ತಾಲ್ಲೂಕಿನಲ್ಲಿ, ಹೊಡೆಸಿಕೊಂಡು ಬಂದ ಹೆಂಗಸಿನ ಜೊತೆ ಠಾಣೆಗೆ ಹೋಗುವ ಒಂದು ಸಂಘಟನೆ ಇದ್ದೀತು. ಇದ್ದರೆ ವಿಚಾರಿಸಿ, ಲೆಕ್ಕ ಕೇಳಿ, ನೋಡಿ. ನಂಬಿಕೆ ಬಂದರೆ ತಿಂಗಳಿಗೆ ಇಷ್ಟು ಎಂದು ಗೊತ್ತುಮಾಡಿ, ಮೂರು ವರ್ಷ ತಪ್ಪದೆ ಕೊಡಿ. ಕಾರ್ಯಕ್ರಮಕ್ಕೆ ಎಂದು ಬರೆಯಬೇಡಿ, ಬ್ಯಾನರಿನಲ್ಲಿ ನಿಮ್ಮ ಹೆಸರು ಹಾಕಿಸಬೇಡಿ. ಚೆಕ್ಕಿನ ಜೊತೆ ಕಳಿಸುವ ಚೀಟಿಯಲ್ಲಿ 'ಕಚೇರಿಯ ಬಾಡಿಗೆಗೆ' ಎಂದು ಬರೆದುಕೊಡಿ.